ಹಳೆಯ ಪಿಕಪ್‌ಗೆ ಬೇರೆ ಮಾಸ್ಟರ್ ಸಿಲಿಂಡರ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಪಿಕಪ್‌ನ ಬ್ರೇಕ್ ಮಾಸ್ಟರ್ ಸಿಲಿಂಡರ್ ಬದಲಿಸಲು ಹೊರಡುವವರಲ್ಲಿ ಮೂರು ಬಗೆ. (ಪೆಡಲ್ ಒತ್ತಿದಾಗ ಚಕ್ರಗಳ ಬ್ರೇಕಿಗೆ ಆಯಿಲ್ ತಳ್ಳುವ ಭಾಗ ಇದು.) ಕೆಲವರದು ಸೋರುತ್ತಿರುತ್ತದೆ. ಕೆಲವರು ಒಂಟಿ ಸರ್ಕ್ಯೂಟಿನದನ್ನು (ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ದಾರಿ) ತೆಗೆದು ಜೋಡಿ ಸರ್ಕ್ಯೂಟಿನದು (ಎರಡು ಬೇರೆ ದಾರಿ) ಕೂರಿಸಬೇಕೆನ್ನುತ್ತಾರೆ. ಇನ್ನು ಕೆಲವರು ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿಸಿ, ಈಗ ಪೆಡಲ್ ಸರಿಯಿಲ್ಲ ಎಂದು ತಲೆ ಕೆಡಿಸಿಕೊಂಡಿರುತ್ತಾರೆ. ಇಲ್ಲಿನ ಉತ್ತರಗಳು ಮುಖ್ಯವಾಗಿ ಕೊನೆಯ ಎರಡು ಗುಂಪಿನವರಿಗೆ. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಅಂತಿಮ.

ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ. ಮಾಸ್ಟರ್ ಸಿಲಿಂಡರ್ ಹೋಗಿದೆ ಎಂದು ತಿಳಿಯುವುದು ಹೇಗೆ?

ಎಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ, ಬಳಿಕ ಹದವಾದ ಬಲದಲ್ಲಿ ಒತ್ತಿ ಹಿಡಿದು 30 ಸೆಕೆಂಡ್ ಕಾಯಿರಿ. ಪೆಡಲ್ ನಿಧಾನವಾಗಿ ಕೆಳಗಿಳಿಯುತ್ತಾ ಹೋಗಿ, ಹೊರಗೆಲ್ಲೂ ಆಯಿಲ್ ಸೋರಿದ ಗುರುತಿಲ್ಲದಿದ್ದರೆ ಒಳಗಿನ ರಬ್ಬರ್ ಕಪ್ ದಾಟಿ ಆಯಿಲ್ ಹಿಂದಕ್ಕೆ ಹೋಗುತ್ತಿದೆ. ಮಾಸ್ಟರ್ ಸಿಲಿಂಡರ್‌ನದೇ ತಪ್ಪು.

ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಲೈನಿನಲ್ಲಿ ಏರ್ ಇದೆ. ಮೊದಲ ಸಲ ತೀರಾ ಕೆಳಗೆ ಹೋಗಿ, ಎರಡು ಸಲ ಪಂಪ್ ಮಾಡಿದ ಮೇಲೆ ಎತ್ತರದಲ್ಲೇ ಗಟ್ಟಿಯಾಗಿ ನಿಂತರೆ ಹೆಚ್ಚಿನ ಪಾಲು ಹಿಂದಿನ ಡ್ರಮ್‌ನ ಶೂಗಳು ಸವೆದು ದೂರ ಸರಿದಿವೆ. ಈ ಕೊನೆಯ ದೋಷಕ್ಕೆ ಮಾಸ್ಟರ್ ಸಿಲಿಂಡರ್ ಬದಲಿಸುವವರೇ ಜಾಸ್ತಿ. ಶೂ ಅಡ್ಜಸ್ಟರ್ ತಿರುಗಿಸಿ, ಚಕ್ರ ಕೈಯಿಂದ ತಿರುಗಿಸಿದಾಗ ಶೂ ತುಸುವೇ ತಾಗುವಷ್ಟು ಹತ್ತಿರ ತಂದು ನೋಡಿ. ಅರ್ಧ ಗಂಟೆಯ ಕೆಲಸ, ಖರ್ಚಿಲ್ಲ.

ಇನ್ನೊಂದು ಜಾಗ ನೋಡದೆ ಬಿಡಬೇಡಿ. ಬೂಸ್ಟರ್ (ವ್ಯಾಕ್ಯೂಮ್ ಬಳಸಿ ಕಾಲಿನ ಬಲ ಹೆಚ್ಚಿಸುವ ಭಾಗ) ಇರುವ ಗಾಡಿಯಲ್ಲಿ ರಿಸರ್ವಾಯರ್ (ಸಿಲಿಂಡರಿನ ಆಯಿಲ್ ಡಬ್ಬಿ) ಮಟ್ಟ ಇಳಿಯುತ್ತಿದ್ದು, ನೆಲದ ಮೇಲೆ ಹನಿಯೂ ಇಲ್ಲವೆಂದರೆ ಸಿಲಿಂಡರಿನ ಹಿಂದಿನ ಸೀಲ್ ಸೋರಿ ಆಯಿಲ್ ಬೂಸ್ಟರಿನ ಹೊಟ್ಟೆ ಸೇರುತ್ತಿರುತ್ತದೆ. ಸಿಲಿಂಡರನ್ನು ಬೂಸ್ಟರಿಗೆ ಹಿಡಿಸಿದ ನಟ್ಟು ಸಡಿಲಿಸಿ, ಸಿಲಿಂಡರನ್ನು ಒಂದಿಷ್ಟು ಮುಂದಕ್ಕೆಳೆದು ಕೆಳಭಾಗ ಒದ್ದೆಯಾಗಿದೆಯೇ ನೋಡಿ. ಒದ್ದೆಯಾಗಿದ್ದರೆ ಬೂಸ್ಟರಿನ ಡಯಾಫ್ರಾಮ್ ಕೂಡ ಹಾಳಾಗುವ ದಾರಿಯಲ್ಲಿದೆ.

ಒಂಟಿ ಸರ್ಕ್ಯೂಟಿನದು ಇಷ್ಟು ವರ್ಷ ನಡೆದಿದೆ. ಈಗೇಕೆ ಬದಲಿಸಬೇಕು?

ಒಂಟಿ ಸರ್ಕ್ಯೂಟಿನಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಕೋಣೆಯಿಂದ ಆಯಿಲ್. ಯಾವುದಾದರೂ ಒಂದು ಚಕ್ರದ ಹೋಸ್ ಒಡೆದರೆ ನಾಲ್ಕೂ ಬ್ರೇಕ್ ಒಟ್ಟಿಗೆ ಹೋಗುತ್ತವೆ. ಆಮೇಲೆ ಉಳಿಯುವುದು ಹ್ಯಾಂಡ್ ಬ್ರೇಕ್ ಮತ್ತು ಗೇರ್. ಅಮೆರಿಕದಲ್ಲಿ 1968ರಿಂದ ಕಾರುಗಳಿಗೆ ಜೋಡಿ ಸರ್ಕ್ಯೂಟ್ ಕಡ್ಡಾಯವಾಯಿತು. ಅದಕ್ಕಿಂತ ಹಿಂದಿನ ಪಿಕಪ್‌ಗಳಲ್ಲಿ ಬಹುಪಾಲು ಒಂಟಿಯೇ.

ಜೋಡಿ ಸಿಲಿಂಡರಿನೊಳಗೆ ಒಂದರ ಹಿಂದೆ ಒಂದರಂತೆ ಎರಡು ಪಿಸ್ಟನ್. ಪೆಡಲಿನ ಬಲ ತರುವ ಕಡ್ಡಿ, ಅಂದರೆ ಪುಶ್ ರಾಡ್, ತಳ್ಳುವುದು ಹಿಂದಿನದನ್ನು. ಮುಂದಿನದು ನಡುವಿನ ಆಯಿಲಿನ ಒತ್ತಡದಿಂದ ಸರಿಯುತ್ತದೆ. ಹಿಂದಿನ ಕೋಣೆಯ ಲೈನ್ ಒಡೆದರೆ ಹಿಂದಿನ ಪಿಸ್ಟನ್ ನೇರವಾಗಿ ಮುಂದಿನದಕ್ಕೆ ತಾಗಿ ಅದನ್ನು ತಳ್ಳುತ್ತದೆ. ಮುಂದಿನ ಕೋಣೆಯದು ಒಡೆದರೆ ಮುಂದಿನ ಪಿಸ್ಟನ್ ಕೊನೆ ಮುಟ್ಟಿ ನಿಂತು, ಹಿಂದಿನ ಕೋಣೆಯಲ್ಲಿ ಒತ್ತಡ ಹುಟ್ಟುತ್ತದೆ. ಎರಡರಲ್ಲೂ ಪೆಡಲ್ ಅರ್ಧಕ್ಕಿಂತ ಹೆಚ್ಚು ಕೆಳಗೆ ಹೋಗುತ್ತದೆ, ಆದರೆ ಎರಡು ಚಕ್ರಗಳ ಬ್ರೇಕ್ ಉಳಿಯುತ್ತದೆ.

ಈ ಉಳಿಕೆ ನಿಮ್ಮ ಗಾಡಿಯಲ್ಲಿ ನಿಜವಾಗಿ ಸಿಗಬೇಕಾದರೆ ಪೆಡಲ್‌ಗೆ ಅಷ್ಟು ದೂರ ಚಲಿಸಲು ಜಾಗ ಇರಬೇಕು. ಕ್ಯಾಬಿನ್ ನೆಲದಡಿ ಸಿಲಿಂಡರ್ ಇರುವ ಹಳೆಯ ಪಿಕಪ್‌ಗಳಲ್ಲಿ ಪಿಸ್ಟನ್ ಕೊನೆ ಮುಟ್ಟುವ ಮೊದಲೇ ಪೆಡಲಿನ ತೋಳು ನೆಲದ ತಗಡಿಗೆ ಬಡಿಯುವುದುಂಟು. ಹಾಗಾದರೆ ಜೋಡಿ ಸರ್ಕ್ಯೂಟ್ ಹಾಕಿಯೂ ಹಾಕದಂತೆ. ಪರೀಕ್ಷೆ ಸುಲಭ: ಕೆಲಸವೆಲ್ಲ ಮುಗಿದು ಏರ್ ತೆಗೆದಾದ ಮೇಲೆ, ಗಾಡಿ ನಿಂತಿರುವಾಗ ಹಿಂದಿನ ಒಂದು ಚಕ್ರದ ನಿಪ್ಪಲ್ (ಏರ್ ತೆಗೆಯುವ ತಿರುಪು) ತೆರೆದು, ಅದಕ್ಕೆ ಟ್ಯೂಬ್ ಹಾಕಿ ಪೆಡಲ್ ಒತ್ತಿಸಿ. ನೆಲ ಮುಟ್ಟುವ ಮೊದಲೇ ಗಟ್ಟಿಯಾಗಬೇಕು. ಪೆಡಲ್ ಬಿಡುವ ಮೊದಲು ನಿಪ್ಪಲ್ ಮುಚ್ಚಿ. ಮುಂದಿನ ಚಕ್ರದಲ್ಲೂ ಹಾಗೆಯೇ ಮಾಡಿ, ಬಳಿಕ ಏರ್ ಇನ್ನೊಮ್ಮೆ ತೆಗೆಯಿರಿ.

ದೊಡ್ಡ ಬೋರಿನ (ಒಳವ್ಯಾಸದ) ಸಿಲಿಂಡರ್ ಹಾಕಿದರೆ ಬ್ರೇಕ್ ಜೋರಾಗುತ್ತದಲ್ಲವೇ?

ಇಲ್ಲ. ಉಲ್ಟಾ. ಈ ಕೆಲಸದಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಕಾಲಿನ ಬಲ ಅಷ್ಟೇ ಇರುವಾಗ ಪಿಸ್ಟನ್ ದೊಡ್ಡದಾದಷ್ಟೂ ಲೈನಿನ ಒತ್ತಡ ಕಡಿಮೆಯಾಗುತ್ತದೆ, ಏಕೆಂದರೆ ಅದೇ ಬಲ ಹೆಚ್ಚು ವಿಸ್ತೀರ್ಣಕ್ಕೆ ಹಂಚಿಹೋಗುತ್ತದೆ. ದೊಡ್ಡ ಬೋರ್ ಕೊಡುವುದು ಆಯಿಲಿನ ಪ್ರಮಾಣ. ಪೆಡಲ್ ಮೇಲೆಯೇ ನಿಲ್ಲುತ್ತದೆ, ಗಟ್ಟಿ ಅನ್ನಿಸುತ್ತದೆ. ಆ ಗಟ್ಟಿತನವನ್ನೇ ‘ಒಳ್ಳೆ ಬ್ರೇಕ್’ ಎಂದು ನಂಬಿ ಮೋಸ ಹೋಗುತ್ತಾರೆ.

ಲೆಕ್ಕ ನೋಡಿ. ಬೂಸ್ಟರ್ ಇಲ್ಲ, ಕಾಲಿನ ಬಲ 30 ಕೆ.ಜಿ., ಪೆಡಲ್ ಅನುಪಾತ (ಪೆಡಲ್ ಕಾಲಿನ ಬಲವನ್ನು ಎಷ್ಟು ಪಟ್ಟು ಮಾಡುತ್ತದೆ ಎಂಬುದು) 6 ಎಂದುಕೊಳ್ಳಿ. ಪುಶ್ ರಾಡಿಗೆ 180 ಕೆ.ಜಿ. ಸಿಗುತ್ತದೆ.

7/8 ಇಂಚು (22.2 ಮಿ.ಮೀ.) ಬೋರ್: ವಿಸ್ತೀರ್ಣ 3.88 ಚ.ಸೆಂ.ಮೀ., ಒತ್ತಡ ಚ.ಸೆಂ.ಮೀ.ಗೆ ಸುಮಾರು 46 ಕೆ.ಜಿ., 25 ಮಿ.ಮೀ. ಸರಿದರೆ 9.7 ಸಿಸಿ ಆಯಿಲ್.
1 ಇಂಚು (25.4 ಮಿ.ಮೀ.): 5.07 ಚ.ಸೆಂ.ಮೀ., ಸುಮಾರು 35.5 ಕೆ.ಜಿ., 12.7 ಸಿಸಿ.
1-1/8 ಇಂಚು (28.6 ಮಿ.ಮೀ.): 6.41 ಚ.ಸೆಂ.ಮೀ., ಸುಮಾರು 28 ಕೆ.ಜಿ., 16 ಸಿಸಿ.

ನೋಡಲು ಬೋರ್ ಹೆಚ್ಚಾದದ್ದು ಒಂದು ಇಂಚಿನ ಎಂಟನೇ ಒಂದು ಭಾಗ ಮಾತ್ರ. ಆದರೆ 7/8ರಿಂದ 1 ಇಂಚಿಗೆ ಹೋದರೆ ಒತ್ತಡ ಶೇ 23ರಷ್ಟು ಇಳಿಯುತ್ತದೆ. ವ್ಯಾಸದ ವರ್ಗದ ಲೆಕ್ಕ ಇದು, ಕಣ್ಣಳತೆಗೆ ಸಿಗುವುದಿಲ್ಲ.

ಹಾಗಾದರೆ ಯಾವ ಬೋರ್ ತೆಗೆದುಕೊಳ್ಳಲಿ?

ಚಕ್ರಗಳ ಕಡೆಯಿಂದ ಲೆಕ್ಕ ಶುರು ಮಾಡಿ. ಮಾಸ್ಟರ್ ಸಿಲಿಂಡರ್ ತುಂಬಿಸಬೇಕಾದದ್ದು ಎಷ್ಟು ಎಂಬುದನ್ನು ಕ್ಯಾಲಿಪರ್ (ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗ) ಮತ್ತು ವೀಲ್ ಸಿಲಿಂಡರ್‌ಗಳೇ (ಡ್ರಮ್ಮಿನೊಳಗೆ ಶೂ ತಳ್ಳುವವು) ನಿರ್ಧರಿಸುತ್ತವೆ. ಡಿಸ್ಕಿನ ಕ್ಯಾಲಿಪರ್ ಪಿಸ್ಟನ್ ದೊಡ್ಡದು, ಸರಿಯುವ ದೂರ ಬಹಳ ಕಡಿಮೆ. ಡ್ರಮ್ಮಿನ ವೀಲ್ ಸಿಲಿಂಡರ್ ಪಿಸ್ಟನ್ ಚಿಕ್ಕದು, ಸರಿಯುವ ದೂರ ಹೆಚ್ಚು. 75 ಮಿ.ಮೀ. ವ್ಯಾಸದ ಒಂಟಿ ಪಿಸ್ಟನ್ ಕ್ಯಾಲಿಪರ್ ಅರ್ಧ ಮಿ.ಮೀ. ಸರಿಯಲು 2.2 ಸಿಸಿ ಬೇಕು. 1 ಇಂಚಿನ ವೀಲ್ ಸಿಲಿಂಡರಿನ ಎರಡೂ ಪಿಸ್ಟನ್‌ಗಳು ತಲಾ 2 ಮಿ.ಮೀ. ಸರಿಯಲು 2 ಸಿಸಿ. ಡ್ರಮ್ಮಿನ ಶೂ ಅಡ್ಜಸ್ಟ್‌ಮೆಂಟ್ ತಪ್ಪಿ ಆ 2 ಮಿ.ಮೀ. 5 ಆದರೆ ಏನಾಗುತ್ತದೆ ಎಂದು ಈಗ ನೀವೇ ಲೆಕ್ಕ ಹಾಕಬಹುದು.

ಬೂಸ್ಟರ್ ಇಲ್ಲದ ಗಾಡಿಗೆ ಸಾಮಾನ್ಯವಾಗಿ 7/8ರಿಂದ 1 ಇಂಚು ಹೊಂದುತ್ತದೆ. ಬೂಸ್ಟರ್ ಇದ್ದು ಮುಂದೆ ದೊಡ್ಡ ಡಿಸ್ಕ್ ಇದ್ದರೆ 1 ಅಥವಾ 1-1/8 ಇಂಚು. ಇನ್ನೂ ನೇರವಾದ ದಾರಿ ಎಂದರೆ, ನೀವು ಹಾಕಿರುವ ಕ್ಯಾಲಿಪರ್ ಮತ್ತು ಹಿಂದಿನ ಡ್ರಮ್ ಯಾವ ಗಾಡಿಯಿಂದ ಬಂದವೋ ಆ ಗಾಡಿಗೆ ಕಂಪನಿ ಕೊಟ್ಟ ಬೋರ್ ಎಷ್ಟು ನೋಡಿ, ಅಲ್ಲಿಂದ ಆರಂಭಿಸಿ. ಆ ಗಾಡಿಗೆ ಬೂಸ್ಟರ್ ಇದ್ದು ನಿಮ್ಮದಕ್ಕೆ ಇಲ್ಲದಿದ್ದರೆ ಒಂದು ಸೈಜ್ ಕೆಳಗಿಳಿಯಿರಿ.

ಬೂಸ್ಟರ್ ಇದೆಯೆಂದು ದೊಡ್ಡ ಬೋರ್ ಹಾಕುವವರು ಇದನ್ನೂ ಯೋಚಿಸಬೇಕು: ಎಂಜಿನ್ ನಿಂತು ಬೂಸ್ಟರ್ ಸತ್ತ ದಿನ, ಲೋಡ್ ತುಂಬಿದ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸುವುದು ನಿಮ್ಮ ಕಾಲಿನ ಬಲ ಮಾತ್ರ.

ಪೆಡಲ್ ಅನುಪಾತ ಅಳೆಯುವುದು ಹೇಗೆ?

ಪೆಡಲ್ ತೂಗುವ ಪಿನ್ನಿನಿಂದ ಕಾಲಿಡುವ ಪ್ಯಾಡಿನ ನಡುವಿಗೆ ಇರುವ ದೂರವನ್ನು, ಅದೇ ಪಿನ್ನಿನಿಂದ ಪುಶ್ ರಾಡ್ ಕೂಡುವ ತೂತಿಗೆ ಇರುವ ದೂರದಿಂದ ಭಾಗಿಸಿ. 30 ಸೆಂ.ಮೀ. ಮತ್ತು 5 ಸೆಂ.ಮೀ. ಬಂದರೆ ಅನುಪಾತ 6. ಬೂಸ್ಟರ್ ಇಲ್ಲದ ಗಾಡಿಗೆ 6ರಿಂದ 7, ಇರುವುದಕ್ಕೆ 4ರಿಂದ 5 ಸರಿಯಾದ ವ್ಯಾಪ್ತಿ. ಕೆಲವು ಪೆಡಲ್‌ಗಳಲ್ಲಿ ಎರಡು ತೂತು ಇರುತ್ತವೆ. ತೂಗುವ ಪೆಡಲಿನಲ್ಲಿ ಮೇಲಿನದು ಬೂಸ್ಟರ್ ಇಲ್ಲದ ಗಾಡಿಗೆ, ಕೆಳಗಿನದು ಇರುವುದಕ್ಕೆ. ಬೂಸ್ಟರ್ ಸೇರಿಸಿಯೂ ರಾಡನ್ನು ಮೇಲಿನ ತೂತಿನಲ್ಲೇ ಬಿಟ್ಟರೆ ಕಾಲು ತಾಗಿಸಿದೊಡನೆ ಚಕ್ರ ಲಾಕ್ ಆಗುವ ಗಾಡಿ ಸಿಗುತ್ತದೆ, ಪೆಡಲ್ ಓಟವೂ ಉದ್ದವಾಗುತ್ತದೆ.

ಬೂಸ್ಟರ್ ಗಾಡಿಯ ಸಿಲಿಂಡರನ್ನು ಬೂಸ್ಟರ್ ಇಲ್ಲದ ಗಾಡಿಗೆ ಹಾಕಬಹುದೇ?

ಹಿಂದಿನ ಪಿಸ್ಟನ್ನಿನ ಗುಳಿ ನೋಡದೆ ಹಾಕಬೇಡಿ. ಬೂಸ್ಟರ್ ಇಲ್ಲದ ಗಾಡಿಯ ಸಿಲಿಂಡರಿನಲ್ಲಿ ಪುಶ್ ರಾಡ್ ಕೂರುವ ಗುಳಿ ಆಳವಾಗಿರುತ್ತದೆ. ರಾಡ್ ಅದರೊಳಗೆ ಭದ್ರವಾಗಿ ಕೂರುತ್ತದೆ. ಬೂಸ್ಟರಿನದರಲ್ಲಿ ಗುಳಿ ಮೇಲುಮೇಲೆ ಇರುತ್ತದೆ, ಏಕೆಂದರೆ ರಾಡನ್ನು ಬೂಸ್ಟರೇ ನೆಟ್ಟಗೆ ಹಿಡಿದಿರುತ್ತದೆ. ಮೇಲುಗುಳಿಯ ಸಿಲಿಂಡರಿಗೆ ಪೆಡಲಿನಿಂದ ನೇರವಾಗಿ ಬಂದ ರಾಡ್ ಹಾಕಿದರೆ, ಪೆಡಲ್ ಜೋರಾಗಿ ಹಿಂದಕ್ಕೆ ಬಂದಾಗ ರಾಡ್ ಜಾರಿ ಬೀಳಬಹುದು. ಆಗ ಬ್ರೇಕ್ ಇಲ್ಲವೇ ಇಲ್ಲ. ಕೆಲವು ಸಿಲಿಂಡರ್‌ಗಳ ಜೊತೆ ಗುಳಿಯಲ್ಲಿ ಇಡುವ ಲೋಹದ ತುಂಡು ಬರುತ್ತದೆ. ತುಂಡು ತೆಗೆದರೆ ಆಳಗುಳಿ, ಇಟ್ಟರೆ ಮೇಲುಗುಳಿ. ಬಾಕ್ಸಿನಲ್ಲಿ ಉಳಿದ ಆ ಪುಟ್ಟ ತುಂಡನ್ನು ಬಿಸಾಡುವ ಮುನ್ನ ಅದು ಏನೆಂದು ನೋಡಿ.

ಡ್ರಮ್ ಬ್ರೇಕಿನ ಹಳೆಯ ಸಿಲಿಂಡರನ್ನೇ ಇಟ್ಟು ಮುಂದೆ ಡಿಸ್ಕ್ ಹಾಕಿದರೆ ನಡೆಯುವುದಿಲ್ಲವೇ?

ಎರಡು ಕಾರಣಕ್ಕೆ ನಡೆಯುವುದಿಲ್ಲ. ಒಂದು, ರಿಸರ್ವಾಯರ್. ಡಿಸ್ಕ್ ಪ್ಯಾಡ್ ಸವೆದಂತೆ ಕ್ಯಾಲಿಪರ್ ಪಿಸ್ಟನ್ ಹೊರಬಂದು ಆ ಜಾಗವನ್ನು ಆಯಿಲ್ ತುಂಬುತ್ತದೆ. ಡ್ರಮ್ಮಿನ ಪುಟ್ಟ ಕೋಣೆ ಪ್ಯಾಡ್ ಪೂರ್ತಿ ಸವೆಯುವ ಮೊದಲೇ ಬರಿದಾಗಿ ಏರ್ ಎಳೆದುಕೊಳ್ಳುತ್ತದೆ.

ಎರಡು, ಉಳಿಕೆ ಒತ್ತಡದ ವಾಲ್ವ್. ಹಳೆಯ ಡ್ರಮ್ ಸಿಲಿಂಡರ್‌ಗಳ ಹೊರದಾರಿಯಲ್ಲಿ ಪುಟ್ಟ ರಬ್ಬರ್ ವಾಲ್ವ್ ಇದ್ದು, ಪೆಡಲ್ ಬಿಟ್ಟಮೇಲೂ ಲೈನಿನಲ್ಲಿ ಸುಮಾರು 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಹಿಡಿದಿಡುತ್ತದೆ. ವೀಲ್ ಸಿಲಿಂಡರಿನ ಕಪ್ಪಿನ ಅಂಚು ಗೋಡೆಗೆ ಅಂಟಿರಲಿ, ಏರ್ ಒಳಬರದಿರಲಿ ಎಂದು. ಡ್ರಮ್ಮಿನ ಶೂಗಳನ್ನು ಹಿಂದಕ್ಕೆಳೆಯಲು ಬಲವಾದ ಸ್ಪ್ರಿಂಗ್ ಇದೆ, ಆ 10 ಪಿಎಸ್‌ಐ ಅದಕ್ಕೆ ಲೆಕ್ಕಕ್ಕಿಲ್ಲ. ಡಿಸ್ಕಿಗೆ ಸ್ಪ್ರಿಂಗ್ ಇಲ್ಲ. ಅಲ್ಲಿ ಅದೇ ಒತ್ತಡ ಉಳಿದರೆ ಪ್ಯಾಡ್ ಸದಾ ಡಿಸ್ಕಿಗೆ ಉಜ್ಜುತ್ತಾ ಬಿಸಿಯಾಗುತ್ತದೆ. ವಾಲ್ವ್ ಇದೆಯೇ ಎಂದು ತಿಳಿಯಲು ಹೊರದಾರಿಯ ತೂತಿನೊಳಗೆ ಮೊಂಡು ತುದಿಯ ತೆಳು ತಂತಿಯನ್ನು ಮೆಲ್ಲಗೆ ಬಿಡಿ. ಕೆಲವೇ ಮಿ.ಮೀ. ಒಳಗೆ ಮೆತ್ತನೆಯ ರಬ್ಬರ್ ತಾಗಿದರೆ ಇದೆ.

ಸಿಲಿಂಡರ್ ನೆಲದಡಿ ಇದ್ದು ಕ್ಯಾಲಿಪರಿಗಿಂತ ಕೆಳಗಿದ್ದರೆ ಮಾತ್ರ ಡಿಸ್ಕ್ ಲೈನಿಗೂ ಒಂದು ವಾಲ್ವ್ ಬೇಕು, ಆದರೆ 2 ಪಿಎಸ್‌ಐನದು. ಇಲ್ಲದಿದ್ದರೆ ನಿಂತ ಗಾಡಿಯಲ್ಲಿ ಆಯಿಲ್ ಕ್ಯಾಲಿಪರಿನಿಂದ ಹಿಂದಕ್ಕೆ ಇಳಿದು, ಮೊದಲ ಪೆಡಲ್ ಪೊಳ್ಳು ಹೊಡೆಯುತ್ತದೆ. 2 ಮತ್ತು 10 ಅದಲುಬದಲಾಗದಂತೆ ನೋಡಿಕೊಳ್ಳಿ.

ಎರಡು ಹೊರದಾರಿಗಳಲ್ಲಿ ಮುಂದಿನ ಚಕ್ರದ್ದು ಯಾವುದು?

ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ರಿಸರ್ವಾಯರ್ ಕೋಣೆಗಳು ಸಮವಲ್ಲದಿದ್ದರೆ ದೊಡ್ಡದು ಡಿಸ್ಕಿನದು. ಎರಡೂ ಸಮ ಇದ್ದರೆ ಸಿಲಿಂಡರ್ ಜೊತೆ ಬಂದ ಚೀಟಿ ನೋಡಿ. ಊಹೆ ಬೇಡ.

ಪ್ರಪೋರ್ಷನಿಂಗ್ ವಾಲ್ವ್ ಬೇಕೇ ಬೇಕೇ?

ಪಿಕಪ್‌ಗೆ ಇದು ಕಾರಿಗಿಂತ ದೊಡ್ಡ ವಿಷಯ. ಖಾಲಿ ಪಿಕಪ್‌ನ ಹಿಂಭಾಗಕ್ಕೆ ತೂಕವೇ ಇಲ್ಲ. ಬ್ರೇಕ್ ಒತ್ತಿದಾಗ ಇರುವ ತೂಕವೂ ಮುಂದಕ್ಕೆ ಬರುತ್ತದೆ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿ ಅಡ್ಡ ತಿರುಗುತ್ತದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವಾಗ ಹಿಂದಿನ ಒತ್ತಡವನ್ನು ಒಂದು ಮಟ್ಟದ ಮೇಲೆ ತಗ್ಗಿಸುವ ವಾಲ್ವ್ ಬೇಕೇ ಬೇಕು. ಬೇರೆಬೇರೆ ಗಾಡಿಯ ಭಾಗ ಸೇರಿಸಿದವರಿಗೆ ಕೈಯಿಂದ ತಿರುಗಿಸುವ, ಹಿಂದಿನ ಲೈನಿಗೆ ಮಾತ್ರ ಹಾಕುವ ವಾಲ್ವ್ ಒಳ್ಳೆಯದು. ಹೊಂದಿಸುವಾಗ ಗಾಡಿ ಖಾಲಿ ಇರಲಿ, ಜನ ಓಡಾಡದ ಸಮತಟ್ಟು ಜಾಗ ಇರಲಿ. ಮುಂದಿನ ಚಕ್ರ ಮೊದಲು ಲಾಕ್ ಆಗುವವರೆಗೆ ಹಿಂದಿನ ಒತ್ತಡ ಕಡಿಮೆ ಮಾಡುತ್ತಾ ಬನ್ನಿ. ಮೊದಲೇ ಒಂದು ಪ್ರಪೋರ್ಷನಿಂಗ್ ವಾಲ್ವ್ ಇದ್ದರೆ ಅದರ ಮೇಲೆ ಇನ್ನೊಂದನ್ನು ಸರಣಿಯಲ್ಲಿ ಹಾಕಬೇಡಿ.

ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೆ ಕಡ್ಡಿ ಕಟ್ಟಿದ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ಲೋಡ್ ಬಿದ್ದು ಚಾಸಿ ಕೆಳಗಿಳಿದಂತೆ ಹಿಂದಕ್ಕೆ ಹೆಚ್ಚು ಒತ್ತಡ ಬಿಡುತ್ತದೆ. ಅದನ್ನು ಕಿತ್ತು ಬಿಸಾಡುವ ಚಟ ಹಲವರಿಗಿದೆ, ಬೇಡ. ಪಟ್ಟಾ ಸ್ಪ್ರಿಂಗ್ ಎತ್ತರಿಸಿದ್ದರೆ ಮಾತ್ರ ಕಡ್ಡಿಯ ಅಳತೆಯನ್ನು ಮತ್ತೆ ಹೊಂದಿಸಬೇಕು. ಎತ್ತರಿಸಿದ ಗಾಡಿಯನ್ನು ಆ ವಾಲ್ವ್ ‘ಸದಾ ಖಾಲಿ’ ಎಂದೇ ತಿಳಿಯುತ್ತದೆ.

ಕೆಲಸ ಶುರು ಮಾಡುವ ಮೊದಲು ಏನೇನು ಇಟ್ಟುಕೊಳ್ಳಬೇಕು?

ಸಿಲಿಂಡರ್, ಅದರ ಗ್ಯಾಸ್ಕೆಟ್ ಅಥವಾ ಓ-ರಿಂಗ್, ಸೀಲ್ ಮುರಿಯದ ಡಬ್ಬಿಯಲ್ಲಿ ಒಂದು ಲೀಟರ್ ಬ್ರೇಕ್ ಆಯಿಲ್, 4.75 ಮಿ.ಮೀ. (3/16 ಇಂಚು) ಸ್ಟೀಲ್ ಅಥವಾ ತಾಮ್ರ-ನಿಕಲ್ ಮಿಶ್ರಲೋಹದ ಪೈಪ್, ಹೊಂದುವ ನಟ್ಟುಗಳು, ಬೆಂಚ್ ಬ್ಲೀಡಿಂಗ್‌ಗೆ (ಗಾಡಿಗೆ ಕೂರಿಸುವ ಮೊದಲೇ ಸಿಲಿಂಡರಿನ ಏರ್ ತೆಗೆಯುವುದಕ್ಕೆ) ಎರಡು ಅಡಾಪ್ಟರ್ ಮತ್ತು ಪಾರದರ್ಶಕ ಟ್ಯೂಬ್. ಬರೀ ತಾಮ್ರದ ಪೈಪ್ ಬೇಡ, ಅಲುಗಾಟಕ್ಕೆ ಗಡುಸಾಗಿ ಬಿರುಕು ಬಿಡುತ್ತದೆ. ಉಪಕರಣಗಳಲ್ಲಿ ಫ್ಲೇರ್ ನಟ್ ಸ್ಪ್ಯಾನರ್ ಇರಲೇಬೇಕು. ವರ್ಷಗಟ್ಟಲೆ ತುಕ್ಕು ಹಿಡಿದ ಪೈಪ್ ನಟ್ಟಿಗೆ ಸಾಮಾನ್ಯ ಓಪನ್ ಸ್ಪ್ಯಾನರ್ ಹಾಕಿದರೆ ಮೂಲೆ ಉರುಟಾಗಿ, ಒಂದು ತಾಸಿನ ಕೆಲಸ ಒಂದು ದಿನದ್ದಾಗುತ್ತದೆ. ಹಿಂದಿನ ದಿನವೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಪೈಪ್ ಕಟರ್, ಫ್ಲೇರಿಂಗ್ ಟೂಲ್, ಆಳ ಅಳೆಯುವ ವರ್ನಿಯರ್, ವೈಸ್, ಕನ್ನಡಕ, ಒಂದು ಬಕೆಟ್ ನೀರು. ನೀರು ಏಕೆಂದರೆ ಬ್ರೇಕ್ ಆಯಿಲ್ ಪೇಂಟ್ ಮೇಲೆ ಬಿದ್ದರೆ ಎಬ್ಬಿಸಿಬಿಡುತ್ತದೆ. ಒರೆಸುವುದಕ್ಕಿಂತ ತಕ್ಷಣ ನೀರು ಹೊಯ್ಯುವುದೇ ಮದ್ದು.

ಹಳೆಯ ಪೈಪಿನ ನಟ್ಟು ಹೊಸ ಸಿಲಿಂಡರಿಗೆ ಕೂರುತ್ತಿಲ್ಲ. ಏನು ಮಾಡಲಿ?

ಎರಡು ವಿಷಯ ಬೇರೆಬೇರೆ ನೋಡಿ: ಥ್ರೆಡ್ ಮತ್ತು ಫ್ಲೇರ್ (ಪೈಪಿನ ಅರಳಿಸಿದ ತುದಿ). ಇಂಚಿನ ಲೆಕ್ಕದ ಗಾಡಿಗಳಲ್ಲಿ 4.75 ಮಿ.ಮೀ. ಪೈಪಿಗೆ ಸಾಮಾನ್ಯವಾಗಿ 3/8 ಇಂಚು, 24 ಥ್ರೆಡ್‌ನ ನಟ್ಟು. ಮೆಟ್ರಿಕ್ ಗಾಡಿಗಳಲ್ಲಿ ಎಂ10, 1 ಮಿ.ಮೀ. ಪಿಚ್. ಇವೆರಡೂ ನೋಡಲು ಅವಳಿಜವಳಿ. ಇಂಚಿನ ನಟ್ಟು ಮೆಟ್ರಿಕ್ ತೂತಿನಲ್ಲಿ ಸಡಿಲವಾಗಿ ತಿರುಗಿ, ಬಿಗಿದಂತೆ ನಟಿಸಿ, ಒತ್ತಡ ಬಂದಾಗ ಕಿತ್ತುಬರಬಹುದು. ನಟ್ಟು ಕೈಬೆರಳಿನಲ್ಲೇ ಅಲುಗಾಟವಿಲ್ಲದೆ ಕೊನೆಯವರೆಗೆ ತಿರುಗಬೇಕು.

ಫ್ಲೇರಿನಲ್ಲಿ ಒಂದು 45 ಡಿಗ್ರಿಯ ಡಬಲ್ ಫ್ಲೇರ್, ತುತ್ತೂರಿಯಂತೆ ಹೊರಕ್ಕೆ ಅರಳಿರುತ್ತದೆ. ಇನ್ನೊಂದು ಬಬಲ್ ಫ್ಲೇರ್, ಅಣಬೆಯ ತಲೆಯಂತೆ ಉಬ್ಬಿರುತ್ತದೆ. ಒಂದರ ಕುಣಿಗೆ ಇನ್ನೊಂದು ಕೂರುವುದಿಲ್ಲ, ಎಷ್ಟು ಬಿಗಿದರೂ ಸೋರುತ್ತದೆ. ಅಡಾಪ್ಟರ್ ಒಂದು ಸಾಕಾದರೆ ಸರಿ. ಅಡಾಪ್ಟರ್ ಮೇಲೆ ಅಡಾಪ್ಟರ್ ಹಾಕುವ ಸ್ಥಿತಿ ಬಂದರೆ ಪೈಪನ್ನೇ ಹೊಸದಾಗಿ ಮಾಡಿ. ಪ್ಲಂಬಿಂಗ್‌ನಲ್ಲಿ ಬಳಸುವ ಕಂಪ್ರೆಷನ್ ಜೋಡಣೆ ಬ್ರೇಕ್ ಲೈನಿಗೆ ಎಂದೆಂದಿಗೂ ಸಲ್ಲದು.

ಪಿಕಪ್‌ನಲ್ಲಿ ಕ್ಯಾಬಿನ್ ರಬ್ಬರ್ ಮೇಲೆ ಕೂತಿರುತ್ತದೆ, ಚಾಸಿ ಬೇರೆ ಅಲುಗುತ್ತದೆ. ಕ್ಯಾಬಿನ್ನಿನ ಸಿಲಿಂಡರಿನಿಂದ ಚಾಸಿಗೆ ಹೋಗುವ ಸ್ಟೀಲ್ ಪೈಪಿನಲ್ಲಿ ಒಂದೆರಡು ಸುತ್ತು ಸುರುಳಿ ಕೊಡಿ. ನೇರ ಎಳೆದ ಪೈಪ್ ಫ್ಲೇರಿನ ಬುಡದಲ್ಲಿ ಬಿರಿಯುತ್ತದೆ.

ಬೆಂಚ್ ಬ್ಲೀಡಿಂಗ್ ಬಿಟ್ಟು ನೇರವಾಗಿ ಗಾಡಿಗೆ ಕೂರಿಸಿದರೆ?

ಆಮೇಲೆ ಚಕ್ರದಲ್ಲಿ ಎರಡು ಲೀಟರ್ ಆಯಿಲ್ ಸುರಿದರೂ ಪೆಡಲ್ ಮೆತ್ತಗೇ ಉಳಿಯಬಹುದು. ಪಿಸ್ಟನ್‌ಗಳ ನಡುವೆ ಸಿಕ್ಕಿದ ಏರ್‌ಗೆ ಕೆಳಗಿನ ಪೈಪಿನ ಕಡೆ ಹೋಗುವ ಮನಸ್ಸಿಲ್ಲ, ಅದು ಮೇಲೇರಲು ನೋಡುತ್ತದೆ.

ಸಿಲಿಂಡರಿನ ಕಿವಿಯನ್ನು ವೈಸ್‌ನಲ್ಲಿ ಹಿಡಿಸಿ. ಬೋರ್ ಇರುವ ಮೈಯನ್ನು ಹಿಂಡಬೇಡಿ. ಮಟ್ಟಸವಾಗಿರಲಿ. ಹೊರದಾರಿಗೆ ಅಡಾಪ್ಟರ್ ಹಾಕಿ, ಟ್ಯೂಬಿನ ತುದಿಗಳನ್ನು ಆಯಾ ರಿಸರ್ವಾಯರ್ ಕೋಣೆಯ ಆಯಿಲಿನಲ್ಲಿ ಮುಳುಗಿಸಿ. ಮೊಂಡು ತುದಿಯ ಕಡ್ಡಿಯಿಂದ ಪಿಸ್ಟನ್ನನ್ನು ನಿಧಾನವಾಗಿ ತಳ್ಳಿ, ಇನ್ನೂ ನಿಧಾನವಾಗಿ ಬಿಡಿ. ಬೇಗ ಮಾಡಿದರೆ ಗುಳ್ಳೆ ಒಡೆದು ನೊರೆಯಾಗುತ್ತದೆ. ಟ್ಯೂಬಿನಲ್ಲಿ ಒಂದೂ ಗುಳ್ಳೆ ಬಾರದವರೆಗೆ, ಸಾಮಾನ್ಯವಾಗಿ 20ರಿಂದ 30 ಸಲ ಬೇಕಾಗುತ್ತದೆ. ಕೊನೆಗೆ ಹೊರದಾರಿಗಳಿಗೆ ಬಿರಡೆ ಹಾಕಿ ಒತ್ತಿ ನೋಡಿ. ಪಿಸ್ಟನ್ 3 ಮಿ.ಮೀ.ಗಿಂತ ಹೆಚ್ಚು ಒಳಹೋದರೆ ಏರ್ ಇನ್ನೂ ಇದೆ. ಬಿರಡೆ ಹಾಕಿಯೇ ಗಾಡಿಗೆ ಒಯ್ಯಿರಿ.

ತೆಗೆದು ಕೂರಿಸುವ ಕ್ರಮ ಹೇಳಿ.

ಬ್ಯಾಟರಿ ತಂತಿ ತೆಗೆಯಿರಿ, ಚಕ್ರಗಳಿಗೆ ಅಡ್ಡಗಲ್ಲು ಕೊಡಿ. ಬೂಸ್ಟರ್ ಇದ್ದರೆ ಎಂಜಿನ್ ಆಫ್ ಮಾಡಿ ಪೆಡಲ್ ಐದಾರು ಸಲ ಒತ್ತಿ ವ್ಯಾಕ್ಯೂಮ್ ಕಳೆಯಿರಿ. ಹಳೆಯ ಆಯಿಲನ್ನು ಸಿರಿಂಜಿನಿಂದ ಹೀರಿ ತೆಗೆಯಿರಿ. ಮೊದಲು ಪೈಪ್ ನಟ್ಟು, ಆಮೇಲೆ ಸಿಲಿಂಡರಿನ ನಟ್ಟು. ಈ ಕ್ರಮ ಉಲ್ಟಾ ಆದರೆ ಸಿಲಿಂಡರ್ ಕೈಯಲ್ಲಿ ತೂಗಾಡಿ ಪೈಪ್ ಮಡಚುತ್ತದೆ. ಪೈಪಿನ ಬಾಯಿಗಳಿಗೆ ತಕ್ಷಣ ಮುಚ್ಚಳ ಹಾಕಿ.

ಹೊಸದನ್ನು ಇಡುವಾಗ ಪೈಪ್ ನಟ್ಟುಗಳನ್ನು ಮೊದಲು ಕೈಯಿಂದ ಮೂರು ನಾಲ್ಕು ಸುತ್ತು ಹಿಡಿಸಿ, ಸಿಲಿಂಡರ್ ಇನ್ನೂ ಸಡಿಲವಾಗಿರುವಾಗಲೇ. ಹೀಗೆ ಮಾಡಿದರೆ ಥ್ರೆಡ್ ಅಡ್ಡ ಕಚ್ಚುವುದಿಲ್ಲ. ಆಮೇಲೆ ಸಿಲಿಂಡರಿನ ನಟ್ಟು ಬಿಗಿಯಿರಿ (ಎಂ8 ಆದರೆ 20ರಿಂದ 25 ನ್ಯೂಟನ್ ಮೀಟರ್), ಕೊನೆಗೆ ಪೈಪ್ ನಟ್ಟು (15ರಿಂದ 18). ಅಲ್ಯೂಮಿನಿಯಂ ಮೈಯ ಸಿಲಿಂಡರಿಗೆ ಹೆಚ್ಚು ಬಲ ಬೇಡ.

ಪುಶ್ ರಾಡಿನ ಅಂತರ ಎಷ್ಟಿರಬೇಕು? ಅಷ್ಟೊಂದು ಮುಖ್ಯವೇ?

ಹೊಸ ಸಿಲಿಂಡರ್ ಹಾಕಿದ ಮೇಲೆ ‘ಐದು ಕಿಲೋಮೀಟರ್ ಹೋದಮೇಲೆ ಬ್ರೇಕ್ ಜಾಮ್ ಆಯಿತು’ ಎಂಬ ದೂರು ಬಂದರೆ ಮೊದಲು ನೋಡಬೇಕಾದದ್ದು ಇದೇ.

ಪೆಡಲ್ ಬಿಟ್ಟಾಗ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದು, ರಿಸರ್ವಾಯರಿಗೆ ಹೋಗುವ ಸೂಜಿಮೊನೆಯಷ್ಟು ತೂತು ತೆರೆದಿರಬೇಕು. ಬಿಸಿಯಾಗಿ ಹಿಗ್ಗಿದ ಆಯಿಲ್ ಆ ದಾರಿಯಲ್ಲಿ ಹಿಂದಕ್ಕೆ ಹೋಗುತ್ತದೆ. ರಾಡ್ ಒಂದು ಮಿ.ಮೀ. ಉದ್ದವಾದರೂ ಸಾಕು, ರಬ್ಬರ್ ಕಪ್ ಆ ತೂತನ್ನು ಮುಚ್ಚಿಬಿಡುತ್ತದೆ. ಬ್ರೇಕ್ ಬಿಸಿಯಾದಂತೆ ಆಯಿಲ್ ಹಿಗ್ಗಿ ಒತ್ತಡ ಏರುತ್ತದೆ, ಒತ್ತಡ ಏರಿದಂತೆ ಬ್ರೇಕ್ ಇನ್ನೂ ಬಿಸಿ. ಕೊನೆಗೆ ಚಕ್ರ ತಾನಾಗಿಯೇ ಹಿಡಿದುಕೊಳ್ಳುತ್ತದೆ. ರಾಡ್ ಗಿಡ್ಡವಾದರೆ ಅಪಾಯ ಕಡಿಮೆ, ಪೆಡಲ್ ಓಟ ವ್ಯರ್ಥ.

ಬೂಸ್ಟರ್ ಇದ್ದರೆ: ಸಿಲಿಂಡರಿನ ಚಾಚುಪಟ್ಟಿಯಿಂದ ಪಿಸ್ಟನ್ ಗುಳಿಯ ತಳಕ್ಕೆ ಆಳ ಅಳೆಯಿರಿ. ಬೂಸ್ಟರಿನ ಮುಖದಿಂದ ರಾಡ್ ಎಷ್ಟು ಹೊರಚಾಚಿದೆ ಅಳೆಯಿರಿ. ಗ್ಯಾಸ್ಕೆಟ್ ಇದ್ದರೆ ಅದರ ದಪ್ಪವನ್ನು ಆಳಕ್ಕೆ ಸೇರಿಸಿ. ಆಳದಿಂದ ಚಾಚನ್ನು ಕಳೆದಾಗ ಸುಮಾರು 0.5 ಮಿ.ಮೀ. ಉಳಿಯಬೇಕು. ಕೆಲವು ಪುಸ್ತಕಗಳು ಬೂಸ್ಟರಿಗೆ ವ್ಯಾಕ್ಯೂಮ್ ಕೊಟ್ಟೇ ಅಳೆಯಲು ಹೇಳುತ್ತವೆ, ಆಗ ಅದರ ಪ್ರಕಾರವೇ ಮಾಡಿ. ಬೂಸ್ಟರ್ ಇಲ್ಲದಿದ್ದರೆ ರಾಡಿಗೂ ಪಿಸ್ಟನ್ನಿಗೂ ನಡುವೆ 1ರಿಂದ 1.5 ಮಿ.ಮೀ. ಅಂದರೆ ಅನುಪಾತ 6 ಇರುವಾಗ ಪೆಡಲ್ ತುದಿಯಲ್ಲಿ 6ರಿಂದ 9 ಮಿ.ಮೀ. ಪೊಳ್ಳು ಓಟ. ಹೊಂದಿಸಿದ ಮೇಲೆ ಲಾಕ್ ನಟ್ ಬಿಗಿಯಲು ಮರೆಯಬೇಡಿ. ಬ್ರೇಕ್ ಲೈಟಿನ ಸ್ವಿಚ್ ಪೆಡಲನ್ನು ಮುಂದಕ್ಕೆ ದೂಡಿ ಈ ಅಂತರವನ್ನು ತಿಂದುಹಾಕುವುದೂ ಇದೆ.

ಪರೀಕ್ಷೆ: ರಿಸರ್ವಾಯರ್ ಮುಚ್ಚಳ ತೆಗೆದು, ಕನ್ನಡಕ ಹಾಕಿ ನೋಡುತ್ತಿರಿ. ಇನ್ನೊಬ್ಬರು ಪೆಡಲನ್ನು ಮೆಲ್ಲಗೆ ಒತ್ತಿದ ಕ್ಷಣದಲ್ಲೇ ಆಯಿಲಿನ ಮೇಲೆ ಪುಟ್ಟ ಚಿಲುಮೆ ಎದ್ದರೆ ತೂತು ತೆರೆದಿದೆ. ಏಳದಿದ್ದರೆ ರಾಡ್ ಉದ್ದವಾಗಿದೆ.

ಚಕ್ರಗಳ ಏರ್ ತೆಗೆಯುವಾಗ ಪಿಕಪ್‌ಗೆ ವಿಶೇಷ ಏನಾದರೂ?

ಕ್ರಮ ಮಾಮೂಲು: ಸಿಲಿಂಡರಿನಿಂದ ಅತಿ ದೂರದ ಹಿಂದಿನ ಚಕ್ರ ಮೊದಲು, ಹತ್ತಿರದ್ದು ಕೊನೆಗೆ. ಒಬ್ಬರು ಒತ್ತಿ ಹಿಡಿಯುವುದು, ಇನ್ನೊಬ್ಬರು ನಿಪ್ಪಲ್ ಅರ್ಧ ಸುತ್ತು ತೆರೆದು, ಪೆಡಲ್ ಬಿಡುವ ಮೊದಲು ಮುಚ್ಚುವುದು. ರಿಸರ್ವಾಯರ್ ಅರ್ಧಕ್ಕಿಂತ ಇಳಿಯದಿರಲಿ.

ವಿಶೇಷ ಇರುವುದು ಲೋಡ್ ಸೆನ್ಸಿಂಗ್ ವಾಲ್ವಿನಲ್ಲಿ. ಚಾಸಿಗೆ ಜಾಕ್ ಕೊಟ್ಟು ಎತ್ತಿ ಆಕ್ಸಲ್ ಜೋತುಬಿದ್ದರೆ ವಾಲ್ವ್ ಹಿಂದಿನ ಲೈನನ್ನು ಹಿಡಿದುಬಿಡುತ್ತದೆ, ಆಯಿಲ್ ತೊಟ್ಟಿಕ್ಕುತ್ತದೆ ಅಷ್ಟೇ. ಜಾಕನ್ನು ಆಕ್ಸಲ್ ಕೆಳಗೆ ಇಡಿ, ಗಾಡಿಯ ತೂಕ ಸ್ಪ್ರಿಂಗ್ ಮೇಲಿರಲಿ. ಇನ್ನೊಂದು: ಸಿಲಿಂಡರಿನ ಮೂಗು ಮೇಲಕ್ಕಿದ್ದರೆ ಏರ್ ಅಲ್ಲೇ ಕೂರುತ್ತದೆ. ಗಾಡಿಯ ಹಿಂಭಾಗ ಎತ್ತಿ ಸಿಲಿಂಡರ್ ಮಟ್ಟಸ ಮಾಡಿ ತೆಗೆಯಿರಿ. ಡ್ಯಾಶ್‌ಬೋರ್ಡಿನ ಬ್ರೇಕ್ ದೀಪ ಆರದಿದ್ದರೆ ಎರಡು ಸರ್ಕ್ಯೂಟಿನ ಒತ್ತಡ ಹೋಲಿಸುವ ವಾಲ್ವಿನ ಪಿಸ್ಟನ್ ಒಂದು ಪಕ್ಕಕ್ಕೆ ಸರಿದಿದೆ, ಅದನ್ನು ನಡುವಿಗೆ ತರಬೇಕು.

ಎಲ್ಲ ಮಾಡಿದರೂ ಪೆಡಲ್ ಮೆತ್ತಗಿದೆ. ಸಿಲಿಂಡರೇ ಕೆಟ್ಟದ್ದು ಬಂದಿದೆಯೇ?

ಬಿರಡೆಗಳು ಇನ್ನೂ ಇವೆಯಲ್ಲ? ಎರಡೂ ಹೊರದಾರಿಗೆ ಹಾಕಿ ಪೆಡಲ್ ಒತ್ತಿ. ಕಲ್ಲಿನಂತೆ ನಿಂತರೆ ಸಿಲಿಂಡರ್ ಸರಿ, ದೋಷ ಮುಂದಿನ ದಾರಿಯಲ್ಲಿ. ಬಿರಡೆ ಒಂದೊಂದೇ ತೆಗೆದು ಪೈಪ್ ಸೇರಿಸುತ್ತಾ ಹೋದರೆ ಮುಂದೆಯೋ ಹಿಂದೆಯೋ ತಿಳಿಯುತ್ತದೆ. ಹಿಂದೆ ಎಂದಾದರೆ ಶೂ ಅಡ್ಜಸ್ಟ್‌ಮೆಂಟ್, ಮುಂದೆ ಎಂದಾದರೆ ಎಡಬಲ ಕ್ಯಾಲಿಪರ್ ಅದಲುಬದಲಾಗಿ ನಿಪ್ಪಲ್ ಕೆಳಮುಖವಾಗಿದೆಯೇ ನೋಡಿ. ನಗು ಬರಬಹುದು, ಆದರೆ ಡಿಸ್ಕ್ ಹಾಕಿಸಿದ ಗಾಡಿಗಳಲ್ಲಿ ಇದು ಅಪರೂಪವಲ್ಲ. ಹಳೆಯ ರಬ್ಬರ್ ಹೋಸ್ ಒತ್ತಿದಾಗ ಉಬ್ಬುತ್ತಿದ್ದರೂ ಪೆಡಲ್ ಹೀಗೇ.

ಪೆಡಲ್ ಗಟ್ಟಿ, ಗಾಡಿ ಮಾತ್ರ ನಿಲ್ಲುವುದಿಲ್ಲ.

ಬೋರ್ ದೊಡ್ಡದಾಯಿತು, ಇಲ್ಲವೇ ಬೂಸ್ಟರ್ ಕೆಲಸ ಮಾಡುತ್ತಿಲ್ಲ. ಎಂಜಿನ್ ಆಫ್ ಇರುವಾಗ ಪೆಡಲ್ ಪಂಪ್ ಮಾಡಿ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಜೀವಂತ. ಇಳಿಯದಿದ್ದರೆ ವ್ಯಾಕ್ಯೂಮ್ ಹೋಸ್, ಅದರ ಒಂದುಮುಖ ವಾಲ್ವ್ ನೋಡಿ. ಡೀಸೆಲ್ ಪಿಕಪ್ ಆದರೆ ವ್ಯಾಕ್ಯೂಮ್ ಬರುವುದು ಪ್ರತ್ಯೇಕ ಪಂಪಿನಿಂದ, ಅನೇಕ ಎಂಜಿನ್‌ಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗಿರುತ್ತದೆ. ಆಲ್ಟರ್ನೇಟರ್ ಬದಲಿಸಿದ ಮೇಲೆ ಬ್ರೇಕ್ ಕೆಟ್ಟರೆ ಅದಕ್ಕೇ.

ಯಾವ ಬ್ರೇಕ್ ಆಯಿಲ್?

ಹೆಸರು ಆಯಿಲ್ ಎಂದರೂ ಡಾಟ್ 3, ಡಾಟ್ 4, ಡಾಟ್ 5.1 ಎಣ್ಣೆಯಲ್ಲ, ಗ್ಲೈಕಾಲ್ ಆಧಾರಿತ ದ್ರವಗಳು. ಡಾಟ್ 3ರ ಕನಿಷ್ಠ ಕುದಿಬಿಂದು ಹೊಸದರಲ್ಲಿ 205 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಮೇಲೆ 140. ಡಾಟ್ 4 ಆದರೆ 230 ಮತ್ತು 155. ಲೋಡ್ ಹೊರುವ ಪಿಕಪ್‌ಗೆ ಡಾಟ್ 4 ಸಾಕು, ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 5 ಸಿಲಿಕೋನ್ ಆಧಾರಿತ, ಬೇರೆಯದೇ ಜಾತಿ. ಉಳಿದವುಗಳ ಜೊತೆ ಬೆರೆಸಬೇಡಿ. 5 ಮತ್ತು 5.1 ಒಂದೇ ಎಂದುಕೊಂಡು ಕೊಂಡವರಿದ್ದಾರೆ. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್, ಪೆಟ್ರೋಲ್ ಒಂದು ಚಮಚ ಬಿದ್ದರೂ ರಬ್ಬರುಗಳೆಲ್ಲ ಊದಿಕೊಳ್ಳುತ್ತವೆ. ಆಗ ಮಾಸ್ಟರ್‌ನಿಂದ ವೀಲ್ ಸಿಲಿಂಡರ್‌ವರೆಗೆ ಎಲ್ಲ ರಬ್ಬರ್ ಬದಲಿಸುವುದೊಂದೇ ದಾರಿ.

ಗಾಡಿಗೆ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದೆ. ಬೋರ್ ಬದಲಿಸಬಹುದೇ?

ಬೇಡ. 1980ರ ದಶಕದ ಕೊನೆಯಲ್ಲಿ ಬಂದ ಕೆಲವು ಪಿಕಪ್‌ಗಳಲ್ಲಿ ಹಿಂದಿನ ಚಕ್ರಗಳಿಗೆ ಮಾತ್ರ ಎಬಿಎಸ್ ಇದೆ, ಅವಕ್ಕೂ ಇದೇ ಉತ್ತರ. ಕಂಪನಿಯ ಬೋರಿನದೇ ಹಾಕಿ.

ರಸ್ತೆಗಿಳಿಸುವ ಮೊದಲು ಏನು ನೋಡಬೇಕು?

ಎಂಜಿನ್ ಓಡುತ್ತಿರುವಾಗ ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಇಳಿಯಬಾರದು. ಪ್ರತಿ ಜೋಡಣೆಯನ್ನೂ ಒಣ ಕಾಗದದಿಂದ ಒರೆಸಿ ನೋಡಿ, ಕಣ್ಣಿಗೆ ಕಾಣದ ಸೋರಿಕೆ ಕಾಗದಕ್ಕೆ ಕಾಣುತ್ತದೆ. ಖಾಲಿ ಜಾಗದಲ್ಲಿ ನಡೆಯುವ ವೇಗದಲ್ಲಿ ನಿಲ್ಲಿಸಿ, ಆಮೇಲೆ 20, 40 ಕಿ.ಮೀ. ವೇಗ. ಹತ್ತು ಕಿಲೋಮೀಟರ್ ಓಡಿಸಿ, ಸಮತಟ್ಟಿನಲ್ಲಿ ನ್ಯೂಟ್ರಲ್ ಮಾಡಿ ಕೈಯಿಂದ ತಳ್ಳಿ ನೋಡಿ. ಸರಾಗವಾಗಿ ಉರುಳಬೇಕು. ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ಬಿಸಿ ಹೋಲಿಸಿ (ಮುಟ್ಟಬೇಡಿ). ಒಂದು ಆಕ್ಸಲಿನ ಎರಡೂ ಚಕ್ರ ಅತಿಯಾಗಿ ಕಾದಿದ್ದರೆ ಪುಶ್ ರಾಡ್ ಅಥವಾ ಉಳಿಕೆ ವಾಲ್ವ್, ಒಂದೇ ಚಕ್ರ ಕಾದಿದ್ದರೆ ಆ ಚಕ್ರದ ಕ್ಯಾಲಿಪರ್ ಇಲ್ಲವೇ ಹೋಸ್. ಮರುದಿನ ತಣ್ಣಗಿರುವಾಗ ನಟ್ಟು ಮತ್ತು ಆಯಿಲ್ ಮಟ್ಟ ಇನ್ನೊಮ್ಮೆ ನೋಡಿ.

ಹೊಸದರ ಬದಲು ಹಳೆಯದಕ್ಕೇ ಕಿಟ್ (ಒಳಗಿನ ಹೊಸ ರಬ್ಬರುಗಳು) ಹಾಕಿದರೆ ಸಾಲದೇ?

ಬೋರಿನ ಸೈಜ್ ಸರಿಯಿದ್ದು, ಗೋಡೆ ಕನ್ನಡಿಯಂತಿದ್ದರೆ ಸಾಕು. ಉಗುರಿನಿಂದ ಸವರಿದಾಗ ಗೀರು ಅಥವಾ ಗುಳಿ ತಾಗಿದರೆ ಕಿಟ್ ಕೆಲವೇ ತಿಂಗಳ ಮಾತು. ಬೀಡುಕಬ್ಬಿಣದ ಬೋರನ್ನು ಹಗುರವಾಗಿ ಹೋನ್ ಮಾಡಬಹುದು (ಅಂದರೆ ಉಜ್ಜಿ ನಯಗೊಳಿಸಬಹುದು). ಅಲ್ಯೂಮಿನಿಯಂ ಬೋರಿನ ಮೇಲೆ ಗಡಸು ಆನೋಡೈಸ್ ಪದರ ಇರುತ್ತದೆ. ಹೋನ್ ಮಾಡಿದರೆ ಆ ಪದರವೇ ಹೋಗುತ್ತದೆ, ಅಂಥ ಸಿಲಿಂಡರನ್ನು ಬದಲಿಸಲೇಬೇಕು. ಹಳೆಯ ಬೀಡಿನ ಸಿಲಿಂಡರಿನ ಏರ್ ತೆಗೆಯುವಾಗ ಪೆಡಲನ್ನು ನೆಲದವರೆಗೆ ತುಳಿಯಬೇಡಿ. ದಿನವೂ ಪಿಸ್ಟನ್ ಓಡದ ಆ ಕೊನೆಯ ಭಾಗದಲ್ಲಿ ತುಕ್ಕು ಕೂತಿರುತ್ತದೆ, ಕಪ್ ಅದರ ಮೇಲೆ ಹತ್ತಿ ಹರಿಯುತ್ತದೆ. ಪೆಡಲ್ ಕೆಳಗೆ ಐದು ಸೆಂ.ಮೀ. ದಪ್ಪದ ಮರದ ತುಂಡು ಇಟ್ಟುಕೊಂಡರೆ ಕಾಲು ತಾನಾಗಿ ಅಲ್ಲೇ ನಿಲ್ಲುತ್ತದೆ.